ಜರಡಿಯಲ್ಲಿ ಉಳಿದ ಮಾತು

ಆ ದಿನ ಬೆಳಕು ಹರಿಯುವ ಹೊತ್ತಿಗೇ ಬಾಗಲಕೋಟೆಯ ನವನಗರದ ಮೇಲೆ ಮೋಡ ಇಳಿದು ನಿಂತಿತ್ತು. ಹಿನ್ನೀರಿನ ಕಡೆಯಿಂದ ಬರಬೇಕಾದ ಗಾಳಿಯ ಸುಳಿವಿರಲಿಲ್ಲ. ಬೇವಿನ ಗಿಡದ ಒಂದು ಎಲೆಯೂ ಅಲುಗಲಿಲ್ಲ. ಹಿಂದಿನ ದಿನ ಒಣಹಾಕಿದ ಬಟ್ಟೆ ಇನ್ನೂ ಹಸಿಯಾಗಿಯೇ ಇತ್ತು. ಮಳೆ ಬರುತ್ತದೆ ಎನ್ನುವಂತಿಲ್ಲ, ಬರುವುದಿಲ್ಲ ಎನ್ನುವಂತೆಯೂ ಇಲ್ಲ. ಹಣೆಗೆ ಹಚ್ಚಿದ ವಿಭೂತಿ ಬೆವರಿಗೆ ಕರಗಿ ಹುಬ್ಬಿಗೆ ಇಳಿಯುವಂಥ ಸೆಕೆ.

ದಾಕ್ಷಾಯಣಿ ಎಡ ಅಂಗೈಯಲ್ಲಿ ಲಿಂಗವನ್ನಿಟ್ಟುಕೊಂಡು ಪೂಜೆಗೆ ಕೂತಿದ್ದಳು. ಮನಸ್ಸು ಮಾತ್ರ ತವರೂರು ಇಳಕಲ್ಲಿನಲ್ಲಿತ್ತು. ಅವ್ವ ತೀರಿಕೊಂಡು ನಾಲ್ಕು ತಿಂಗಳಾಗಿತ್ತು. ಅವ್ವ ಸಂಗವ್ವ ಪೂಜೆಗೆ ಕೂತರೆ ಶಿವನಿಗೂ ಬೈಗುಳ ತಪ್ಪುತ್ತಿರಲಿಲ್ಲ. ‘ಕಣ್ಣು ಹೋಗ್ಯಾವೇನೋ ನಿನಗ, ಈ ಮನಿ ಕಡೆ ಒಮ್ಮಿ ಹೊಳ್ಳಿ ನೋಡಾಕ ಆಗೂದಿಲ್ಲೇನು’ ಎಂದು ಅಂಗೈಯ ದೇವರನ್ನು ಗದರಿಸಿ, ಅದೇ ದೇವರನ್ನು ಕಣ್ಣಿಗೊತ್ತಿಕೊಂಡು, ಸೆರಗು ಸಿಕ್ಕಿಸಿ ಮಗ್ಗದ ಕುಣಿಗೆ ಇಳಿಯುತ್ತಿದ್ದಳು. ಶಿವ ಒಂದು ದಿನವೂ ಬೇಸರ ಮಾಡಿಕೊಂಡ ಹಾಗೆ ಕಾಣಲಿಲ್ಲ. ಅವನಿಗೆ ಇವರ ಮನೆಯ ಭಾಷೆ ಗೊತ್ತಿತ್ತು.

ಅಷ್ಟರಲ್ಲಿ ಒಳಗಿನಿಂದ ಹಾಲು ಉಕ್ಕಿ ಸುಟ್ಟ ವಾಸನೆ ಬಂತು. ದಾಕ್ಷಾಯಣಿ ಹೇಗೋ ಪೂಜೆ ಮುಗಿಸಿ ಎದ್ದು ಬಂದಳು. ಹದಿನಾರರ ಮಗಳು ನಿವೇದಿತಾ ಒಲೆಯ ಎದುರೇ ನಿಂತು ಮೊಬೈಲು ನೋಡುತ್ತಿದ್ದಳು. ದಾಕ್ಷಾಯಣಿ ಗಂಟಲು ಹರಿಯುವ ಹಾಗೆ ಕೂಗಾಡಿದಳು. ಕಣ್ಣೆದುರಿಗಿನ ಹಾಲು ಕಾಣದವಳು ನಾಳೆ ಸಂಸಾರ ಹೇಗೆ ಕಂಡಾಳು ಎಂದಳು, ಇನ್ನೂ ಏನೇನೋ ಅಂದಳು. ಮಗಳು ತಿರುಗಿ ನೋಡಿ ನಕ್ಕಳು. ಯಾರೋ ತಲೆ ಸವರಿ ಮಾತಾಡಿಸಿದ್ದಕ್ಕೆ ಉತ್ತರ ಕೊಡುವವಳಂತೆ, ‘ಇರ್ಲಿ ಬಿಡು ಮಮ್ಮಿ, ಒರಸ್ತೀನಿ’ ಎಂದಳು.

ಮಗಳ ಕಿವಿಯಲ್ಲಿ ಜೋಳದ ಕಾಳಿನಷ್ಟು ದೊಡ್ಡ ಬಿಳಿ ಮಣಿಯಿತ್ತು. ದಾಕ್ಷಾಯಣಿಯ ಕಿವಿಯಲ್ಲೂ ಇತ್ತು. ಅದಿಲ್ಲದ ಕಿವಿ ಆ ಓಣಿಯಲ್ಲೇ ಇರಲಿಲ್ಲ.

ಅದರ ಹೆಸರು ಹದ. ಬಂದು ಒಂಬತ್ತು ವರ್ಷವಾಗಿತ್ತು. ಅದಕ್ಕೂ ಮೊದಲು ಜನ ಮೊಬೈಲಿನಲ್ಲೇ ಜಗಳಾಡಿ, ಮೊಬೈಲಿನಲ್ಲೇ ಸಂಬಂಧ ಹರಿದುಕೊಂಡು, ಕೋರ್ಟಿನ ಮೆಟ್ಟಿಲಲ್ಲಿ ಒಬ್ಬರ ಮುಖ ಒಬ್ಬರು ನೋಡುವ ಕಾಲವಿತ್ತು. ಮನೆ ಒಡೆಯುವುದು ಮಾತಿನಿಂದಲೇ ಆದರೆ ಮಾತನ್ನೇ ಜರಡಿ ಹಿಡಿದರಾಯಿತಲ್ಲ ಎಂದು ಯಾರಿಗೋ ಹೊಳೆಯಿತು. ಒಂದು ಮನೆಯವರೆಂದು ಹೆಸರು ಬರೆಸಿಕೊಂಡವರು ಮಾತಾಡಿದರೆ, ಮಾತು ಮೊದಲು ಕೇಂದ್ರಕ್ಕೆ ಹೋಗುತ್ತಿತ್ತು. ಅಲ್ಲಿನ ಯಂತ್ರ ಅದರೊಳಗಿನ ಸಿಟ್ಟು, ಚುಚ್ಚು, ಶಾಪಗಳನ್ನು ತೆಗೆದು, ಉಳಿದದ್ದನ್ನು ಅದೇ ದನಿಯಲ್ಲಿ ಹೊಸದಾಗಿ ಹೊಂದಿಸಿ, ಕಣ್ಣು ಮಿಟುಕಿಸುವುದರೊಳಗೆ ಇನ್ನೊಬ್ಬರ ಕಿವಿಗೆ ಮುಟ್ಟಿಸುತ್ತಿತ್ತು. ಫೋನಿನಲ್ಲಾದರೂ ಅಷ್ಟೇ, ಎದುರಿಗೆ ನಿಂತರೂ ಅಷ್ಟೇ. ಮನೆಯವರ ದನಿ ಹೊರಗಿನಿಂದ ನೇರ ಕಿವಿಗೆ ಬೀಳದ ಹಾಗೆ ಮಣಿ ತಡೆಯುತ್ತಿತ್ತು. ಹೊರಗಿನವರ ಮಾತಿಗೆ ಅಡ್ಡಿಯಿರಲಿಲ್ಲ.

ಸುಳ್ಳು ಹೇಳಬಾರದು, ಒಳ್ಳೆಯದೂ ಆಯಿತು. ಎಷ್ಟೋ ಸೊಸೆಯಂದಿರು ಹೊಟ್ಟೆತುಂಬ ಉಂಡರು. ಕುಡಿದು ಬಂದ ಗಂಡಂದಿರ ಬೈಗುಳ ಮಕ್ಕಳ ಕಿವಿಗೆ ಬೀಳುವುದು ನಿಂತಿತು. ನಿಧಾನವಾಗಿ ಜನ ಮಾತಾಡುವವರ ಬಾಯಿಯನ್ನು ನೋಡುವುದನ್ನೇ ಬಿಟ್ಟರು. ಬಾಯಿಯ ಆಟಕ್ಕೂ ಕಿವಿಯ ಮಾತಿಗೂ ಹೊಂದುತ್ತಿರಲಿಲ್ಲವಲ್ಲ. ಮನೆಯವರ ಎದುರು ಮಣಿ ತೆಗೆಯುವುದೆಂದರೆ ಕಾಲಿನ ಚಪ್ಪಲಿ ಕೈಗೆ ತೆಗೆದುಕೊಂಡಂತೆ ಎಂಬ ರೂಢಿಯೂ ಬೆಳೆಯಿತು.

ಯಂತ್ರಕ್ಕೆ ಈ ಸೀಮೆಯ ಮಾತು ಕಲಿಸಿದವರಲ್ಲಿ ದಾಕ್ಷಾಯಣಿಯೂ ಒಬ್ಬಳು. ಕೇಂದ್ರ ಇದ್ದದ್ದು ನವನಗರದಲ್ಲೇ. ಮೊದಮೊದಲು ಅಲ್ಲಿನ ಇಂಜಿನಿಯರುಗಳು ಕಂಗಾಲಾಗಿದ್ದರು. ತಾಯಿ ಮಗಳ ತಲೆ ಬಾಚುತ್ತ ‘ನೆಟ್ಟಗ ಕುಂಡ್ರ, ನಿನ್ನ ಹೆಣಾ ಎತ್ಲಿ’ ಅಂದರೆ ಯಂತ್ರ ಅದನ್ನು ಕೊಲೆಬೆದರಿಕೆ ಎಂದು ತಿಳಿಯುತ್ತಿತ್ತು. ಹುನಗುಂದದ ಕಡೆ ಒಬ್ಬ ತಾಯಿಯ ಮನೆಗೆ ಪೊಲೀಸರೇ ಬಂದು ನಿಂತಿದ್ದರು. ಆಕೆ ಅವರಿಗೂ ಅದೇ ಮಾತು ಅಂದು ಚಹಾ ಕೊಟ್ಟು ಕಳಿಸಿದ್ದಳಂತೆ. ಆಗ ದಾಕ್ಷಾಯಣಿ ನಕ್ಕು, ನಮ್ಮ ಕಡೆ ಸಾಯಿ, ಹೆಣ, ಮಣ್ಣು ಅನ್ನದೆ ಹೊತ್ತು ಮುಳುಗುವುದಿಲ್ಲ, ಅದರಲ್ಲಿ ಏನೂ ಇರುವುದಿಲ್ಲ ಎಂದು ತಿಳಿಸಿ, ತನ್ನ ಕೈಯಾರೆ ಒಂದು ನಿಯಮ ಬರೆದುಕೊಟ್ಟಿದ್ದಳು: ‘ಮನೆಯವರ ನಡುವೆ, ಸಿಟ್ಟಿನ ದನಿಯಲ್ಲಿ ಸಾವಿನ ಮಾತು ಬಂದರೆ ಅದು ಬೈಗುಳ, ಸುದ್ದಿಯಲ್ಲ. ತೆಗೆಯಬಹುದು.’ ಕೆಳಗೆ ಸಹಿ ಮಾಡಿದ್ದಳು. ಎಲ್ಲರೂ ಚಪ್ಪಾಳೆ ತಟ್ಟಿದ್ದರು.

ಜರಡಿಯಲ್ಲಿ ಉಳಿದದ್ದನ್ನು ಕೇಂದ್ರದವರು ತವುಡು ಎನ್ನುತ್ತಿದ್ದರು. ಅದನ್ನು ಚೆಲ್ಲುತ್ತಿರಲಿಲ್ಲ, ಯಂತ್ರಕ್ಕೆ ಪಾಠ ಹೇಳಲು ಬೇಕಾಗುತ್ತಿತ್ತು. ಯಂತ್ರಕ್ಕೇ ಅನುಮಾನ ಬಂದ ಒಂದಿಷ್ಟು ತವುಡು ಪ್ರತಿ ತಿಂಗಳು ದಾಕ್ಷಾಯಣಿಯಂಥವರ ಮೇಜಿಗೆ ಬರುತ್ತಿತ್ತು, ಯಾರದೆಂಬ ಹೆಸರಿಲ್ಲದೆ, ಊರಿಲ್ಲದೆ, ಬರೀ ಒಂದು ಅಂಕಿ ಹೊತ್ತು.

ಆ ದಿನ ಕಿವಿಗೆ ತಂತಿ ಸಿಕ್ಕಿಸಿಕೊಂಡು ಬಂದದ್ದರಲ್ಲಿ ನಾಲ್ಕನೆಯದನ್ನು ಹಚ್ಚಿದಳು; ಆ ತಂತಿಯಲ್ಲಿ ಬರುವ ತವುಡಿಗೆ ಮಣಿಯ ತಡೆಯಿರಲಿಲ್ಲ. ಹಿಂದೆ ಮಗ್ಗದ ಸದ್ದಿತ್ತು. ಮುಂದೆ ಒಂದು ಹೆಣ್ಣುದನಿ, ಕಿರುಚಿ ಕಿರುಚಿ ಒಡೆದದ್ದು.

‘ಏ ದಾಕ್ಷಿ, ಎಷ್ಟು ಸಲ ಬಡಕೊಳ್ಳಲೇ ನಿನ್ನ ಮುಂದ? ಅವ್ವ ಸಾಯಾಕತ್ತಾಳ. ನೀರೂ ಇಳಿವಲ್ದು ಗಂಟಲದಾಗ. ನಿನ್ನ ಹೆಸರೊಂದ ಹಿಡದಾಳ. ನಾಳೆ ಹೊತ್ತು ಮುಣಗೂದ್ರೊಳಗ ನೀ ಬರಲಿಲ್ಲ ಅಂದ್ರ ಆಕಿ ಜೋಡಿ ನೀನೂ ಸತ್ತಿ ಅಂತ ತಿಳಕೋತೀನಿ.’

ಅಕ್ಕ ಮಹಾಂತವ್ವ.

ದಾಕ್ಷಾಯಣಿ ಆ ತವುಡಿನ ಅಂಕಿ ಹಿಡಿದು ಅದರ ಹಿಂದಿನದು, ಮುಂದಿನದು ಎಂದು ಹುಡುಕಿದಳು. ನಾಲ್ಕು ದಿನಗಳಲ್ಲಿ ಹನ್ನೊಂದು ಕರೆ. ಹನ್ನೊಂದರಲ್ಲೂ ಸಾವಿನ ಮಾತು, ಹನ್ನೊಂದರಲ್ಲೂ ಸಿಟ್ಟು. ಪಕ್ಕದಲ್ಲೇ ತನ್ನ ಕಿವಿಗೆ ಮುಟ್ಟಿದ್ದು ಏನೆಂಬುದೂ ಇತ್ತು: ‘ದಾಕ್ಷಿ, ಅವ್ವಗ ಯಾಕೋ ಸ್ವಲ್ಪ ಅರಾಮಿಲ್ಲ. ನಿನ್ನ ನೆನಸ್ತಾಳ. ಬಿಡುವಾದಾಗ ಬಂದು ಹೋಗು.’ ಅದಕ್ಕೆ ತಾನು ಕೊಟ್ಟ ಉತ್ತರ ಅವಳಿಗೆ ನೆನಪಿತ್ತು. ಹಬ್ಬಕ್ಕೆ ಬರುತ್ತೇನೆ ಅಕ್ಕ ಎಂದಿದ್ದಳು. ಅಕ್ಕ ಈಚೆಗೆ ದಿನಕ್ಕೆ ಮೂರು ಸಲ ಪ್ರೀತಿಯಿಂದ ಮಾತಾಡಿಸುತ್ತಾಳೆಂದು ಇದೇ ಮೇಜಿನ ಅಕ್ಕಪಕ್ಕದವರಿಗೆ ಹೇಳಿಕೊಂಡು ಹಿಗ್ಗಿದ್ದಳು.

ಅವ್ವ ಹೋದ ಸುದ್ದಿ ಬಂದದ್ದು ತವರಿನ ಓಣಿಯ ಬಳೆಗಾರ ಹುಸೇನಸಾಬನಿಂದ. ಅವನು ಮನೆಯವನಲ್ಲವಾದ್ದರಿಂದ ಅವನ ಮಾತು ಇದ್ದ ಹಾಗೇ ಮುಟ್ಟಿತು. ಇವಳು ಹೋಗಿ ಇಳಿಯುವ ಹೊತ್ತಿಗೆ ಮಣ್ಣು ಕೊಟ್ಟು ಜನ ಹಿಂದಿರುಗುತ್ತಿದ್ದರು. ಯಾಕೆ ಹೇಳಲಿಲ್ಲ ಎಂದು ಇವಳು ಹೊಸ್ತಿಲಲ್ಲಿ ನಿಂತು ಚೀರಿದಳು. ಮಹಾಂತವ್ವನ ಕಣ್ಣು ಕೆಂಡವಾಗಿತ್ತು, ಬಾಯಿ ಸೊಟ್ಟಗಾಗಿತ್ತು. ಕಿವಿಗೆ ಬಂದ ಮಾತು ಮಾತ್ರ ‘ದಣದು ಬಂದೀ, ಕುಂಡ್ರವಾ’ ಎಂದು. ಹಾಗೆನ್ನುತ್ತಲೇ ಅಕ್ಕ ಬಾಗಿಲು ಹಾಕಿಕೊಂಡಿದ್ದಳು. ಅವ್ವ ಕೊನೆಗೆ ಮಗ್ಗಕ್ಕೇರಿಸಿದ ಸೀರೆ ಕಿರಿಮಗಳಿಗೆ ಸೇರಬೇಕೆಂಬುದು ಆ ಮನೆಯ ರೂಢಿ. ತಿಂಗಳ ಮೇಲೆ ದಾಕ್ಷಾಯಣಿ ಫೋನು ಮಾಡಿ ಅದನ್ನು ಕೇಳಿದಾಗ, ‘ಮಾರೀನಿ ತಂಗಿ’ ಎಂಬ ಮಾತು ಬೆಲ್ಲದಷ್ಟು ಸಿಹಿಯಾಗಿ ಬಂದಿತ್ತು. ಮಾಡುವುದು ಇಷ್ಟು ಕೆಟ್ಟದ್ದು, ಆಡುವುದು ಇಷ್ಟು ಸಿಹಿ. ಇಂಥ ಕಪಟಿಯ ಹೊಟ್ಟೆಗೂ ನಮ್ಮವ್ವನ ಹೊಟ್ಟೆಗೂ ಏನು ಸಂಬಂಧ ಎಂದು ದಾಕ್ಷಾಯಣಿ ಅಂದಿನಿಂದ ಅಕ್ಕನ ಹೆಸರೆತ್ತಿರಲಿಲ್ಲ.

ಅವಳು ಎದ್ದು ಮೇಲಧಿಕಾರಿ ನಾಡಗೌಡರ ಕೋಣೆಗೆ ಹೋದಳು. ಬಾಗಿಲು ತಟ್ಟಲಿಲ್ಲ. ಸಾಯುವವಳ ಮಾತನ್ನು ತವುಡು ಎಂದು ಕಟ್ಟಿಟ್ಟಿದ್ದೀರಿ, ನನ್ನ ತಾಯಿಯ ಕೊನೆಯ ನೀರನ್ನು ನನ್ನ ಕೈಯಿಂದ ಕಸಿದುಕೊಂಡಿದ್ದೀರಿ, ಆ ಹನ್ನೊಂದು ಕರೆ ನನ್ನವು, ಈಗಲೇ ಕೊಡಿ ಎಂದು ಮೇಜು ಬಡಿದಳು. ನಾಡಗೌಡರು ನಗುತ್ತ ತಲೆಯಾಡಿಸಿದರು. ನಿಮ್ಮ ಸಲಹೆ ಬಹಳ ಉಪಯುಕ್ತವಾಗಿದೆ, ಬರೆದು ಕೊಡಿ ಎಂದರು.

ಅವಳಿಗೆ ಒಂದು ಕ್ಷಣ ತಿಳಿಯಲಿಲ್ಲ. ಆಮೇಲೆ ನೆನಪಾಯಿತು. ಎರಡು ವರ್ಷದ ಹಿಂದೆ, ನಾವೆಲ್ಲ ಒಂದೇ ಕುಟುಂಬ ಎಂದು ಭಾಷಣ ಮಾಡಿ ಇದೇ ನಾಡಗೌಡರು ಇಡೀ ಕಚೇರಿಯನ್ನು ಒಂದು ಮನೆಯೆಂದು ಹದದಲ್ಲಿ ಬರೆಸಿದ್ದರು. ಅಂದು ಅವಳೂ ಲಾಡು ತಿಂದಿದ್ದಳು.

ದಾಕ್ಷಾಯಣಿ ತನ್ನ ಮಣಿ ತೆಗೆದು ಅವರ ಮೇಜಿನ ಮೇಲಿಟ್ಟಳು. ಅವರ ನಗು ಹೋಯಿತು. ಹೆಂಗಸೊಬ್ಬಳು ತಮ್ಮೆದುರು ಮಣಿ ತೆಗೆದದ್ದು ಅದೇ ಮೊದಲು. ಇವಳು ಅವರ ಕಿವಿಯ ಕಡೆ ಬೆರಳು ತೋರಿಸಿ ಹಾಗೇ ನಿಂತಳು, ಕದಲಲಿಲ್ಲ. ಕೊನೆಗೆ ಅವರೂ ತೆಗೆದರು.

‘ಈಗ ಕೇಳ್ರಿ ಸಾಹೇಬ್ರ’ ಎಂದಳು. ‘ನನ್ನ ಅಕ್ಕನ ಬೈಗುಳ ನನಗ ಬೇಕು. ಒಂದಕ್ಷರ ಬಿಡದಂಗ ಬೇಕು.’

ನಾಡಗೌಡರು ಬೆವೆತರು. ಕೆಟ್ಟ ಮನುಷ್ಯರೇನಲ್ಲ, ಜರಡಿ ಹಿಡಿಯದ ಸಿಟ್ಟಿನ ದನಿ ಕೇಳಿ ವರ್ಷಗಳಾಗಿದ್ದವು, ಅಷ್ಟೇ. ತವುಡು ಕೇಂದ್ರದ ಸ್ವತ್ತು, ಹೊರಗೆ ಕೊಡಲು ಬರುವುದಿಲ್ಲ, ಲಕ್ಷದಲ್ಲಿ ಒಂದು ಹೀಗಾಗುತ್ತದೆ, ನಿಯಮ ತಿದ್ದೋಣ ಎಂದು ತೊದಲಿದರು. ನಿಯಮ ಎಂಬ ಮಾತು ಬಂದಾಗ ಪರದೆಯನ್ನು ಅವಳ ಕಡೆ ತಿರುಗಿಸಿದರು. ಅದರಲ್ಲಿ ಅವಳ ಸಹಿಯಿತ್ತು.

ಅವಳ ಸಿಟ್ಟು ಅಲ್ಲಿಗೆ ಇಳಿಯಬೇಕಾಗಿತ್ತು. ಇಳಿಯಲಿಲ್ಲ. ಇಷ್ಟು ಹೊತ್ತು ಹೊರಗೆ ಉರಿಯುತ್ತಿದ್ದದ್ದು ಈಗ ಒಳಕ್ಕೂ ಹೊರಳಿತು. ಎಲ್ಲರಿಗೂ ತಿಳಿದ ಸೀಮೆಯ ಮಾತನ್ನು ತಾನೊಬ್ಬಳೇ ಬಲ್ಲವಳಂತೆ ಬರೆದುಕೊಟ್ಟಿದ್ದೆನಲ್ಲ. ಸಾವಿನ ಮಾತಿನಲ್ಲಿ ಏನೂ ಇರುವುದಿಲ್ಲ ಎಂದಿದ್ದೆನಲ್ಲ. ಸಾವು ಬಂದ ಮನೆಯಲ್ಲಿ ಜನ ಮೆತ್ತಗೆ ಮಾತಾಡುತ್ತಾರೆಂದು ನನಗೆ ಯಾವ ದೇವರು ಹೇಳಿದ್ದ?

ಮೇಜಿಗೆ ಮರಳಿ ಕಿವಿಯ ತಂತಿ ಕಿತ್ತಳು. ಸ್ಪೀಕರಿನ ದನಿಯನ್ನು ಪೂರ್ತಿ ಏರಿಸಿ ತನ್ನ ಹಳೆಯ ಮೊಬೈಲನ್ನು ಅದರ ಬಾಯಿಗೆ ಹಿಡಿದಳು. ಹನ್ನೊಂದು ಕರೆಯೂ ಒಂದರ ಹಿಂದೆ ಒಂದು ಆ ತಣ್ಣನೆಯ ಕಚೇರಿಯಲ್ಲಿ ಮೊಳಗಿದವು. ಹೊಸ್ತಿಲಲ್ಲಿ ತಾನೇ ಚೀರಿದ್ದೂ ಸಿಕ್ಕಿತು, ಅದನ್ನೂ ತುಂಬಿಕೊಂಡಳು. ನಲವತ್ತು ಜನ ಕೈ ಬಿಟ್ಟು ಕೂತು ಕೇಳಿದರು. ಒಬ್ಬಿಬ್ಬರು ಎದ್ದು ಹೊರಗೆ ಹೋದರು. ನಾಡಗೌಡರು ಬಾಗಿಲಲ್ಲಿ ನಿಂತಿದ್ದರು. ತಡೆಯಲಿಲ್ಲ.

ಮಧ್ಯಾಹ್ನ ಮನೆಗೆ ಬಂದಳು. ಇಳಕಲ್ಲಿಗೆ ಹೋಗಿ ಬರುವುದಾಗಿ ಹೇಳಬೇಕಾಗಿತ್ತು. ನಿವೇದಿತಾ ಅವಳ ಬರಿಗಿವಿ ನೋಡಿ ಹೆದರಿ ಗೋಡೆಗೆ ಸರಿದಳು. ತಾನೇನು ತಪ್ಪು ಮಾಡಿದೆ ಎಂದು ಕೇಳಿದಳು. ದಾಕ್ಷಾಯಣಿ ಹತ್ತಿರ ಕೂರಿಸಿಕೊಂಡು, ಬೆಳಗ್ಗೆ ಹಾಲು ಉಕ್ಕಿದಾಗ ನಾನು ಏನೆಂದೆ ಎಂದು ಮಣಿಗೆ ಹಿಡಿಸುವಷ್ಟು ಮೆತ್ತಗೆ ವಿಚಾರಿಸಿದಳು. ‘ಕೈ ಸುಟ್ಟಿತೇನು, ಹುಷಾರು’ ಅಂದಿ ಎಂದಳು ಮಗಳು. ಹಾಗಾದರೆ ಮಣಿ ತೆಗೆ ಎಂದಳು ತಾಯಿ.

ಹುಡುಗಿ ತೆಗೆದಳು. ದಾಕ್ಷಾಯಣಿ ಬೆಳಗಿನ ಮಾತನ್ನು ಬೆಳಗಿನ ದನಿಯಲ್ಲೇ ಮತ್ತೊಮ್ಮೆ ಆಡಿದಳು. ನಿವೇದಿತಾಳ ಕಣ್ಣಲ್ಲಿ ನೀರು ತುಂಬಿತು. ಅದು ಕೆನ್ನೆಗೆ ಇಳಿಯುವ ಮೊದಲೇ ಅವಳ ಮುಖವೂ ಕೆಂಪಾಯಿತು.

‘ಒಂದು ಲೀಟರ್ ಹಾಲಿಗೆ ಇಷ್ಟ್ಯಾಕ ಒದರ್ತೀ ಮಮ್ಮಿ?’ ಎಂದಳು. ಹಾಗೆಂದು ತನ್ನ ದನಿ ತಾನೇ ಕೇಳಿ ಬೆಚ್ಚಿದಳು. ಆಮೇಲೆ ಮೆಲ್ಲಗೆ ಕೇಳಿದಳು: ‘ನಿನ್ನ ದನಿ ಖರೇನ ಹಿಂಗೈತಿ?’

ದಾಕ್ಷಾಯಣಿ ಹೌದೆಂದಳು. ಏಳು ವರ್ಷದವಳಿದ್ದಾಗ ಈ ಕಿವಿಗೆ ಮಣಿ ತೊಡಿಸಿದವಳು ತಾನೇ ಎಂಬುದನ್ನು ನೆನೆದು ಮಗಳ ಬರಿಗಿವಿಯನ್ನು ಸವರಿದಳು. ಮಗಳು ಬಸ್ ನಿಲ್ದಾಣದವರೆಗೆ ಜೊತೆಗೆ ಬಂದಳು. ಮಣಿಯನ್ನು ಮುಷ್ಟಿಯಲ್ಲೇ ಹಿಡಿದಿದ್ದಳು, ಕಿವಿಗೆ ಹಾಕಿಕೊಳ್ಳಲಿಲ್ಲ.

ಬಸ್ಸಿನಲ್ಲಿ ದಾಕ್ಷಾಯಣಿಗೆ ಕೊಂಡಿಯ ಕೆಲಸ ನೆನಪಾಯಿತು. ಇಳಕಲ್ ಸೀರೆಯಲ್ಲಿ ಮೈಗೆ ಹಾಸಿದ ಉದ್ದನೆಯ ಎಳೆ ಬೇರೆ, ಸೆರಗಿಗೆ ಹಾಸಿದ ಕೆಂಪು ರೇಷ್ಮೆಯ ಎಳೆ ಬೇರೆ. ಒಂದೊಂದು ಎಳೆಗೂ ಇನ್ನೊಂದು ಎಳೆಯನ್ನು ಕುಣಿಕೆ ಹಾಕಿ ಜೋಡಿಸಿದ ಮೇಲೆಯೇ ಮಗ್ಗ ನಡೆಯುವುದು. ಆ ಕುಣಿಕೆಯೇ ಕೊಂಡಿ. ಅವರ ಮನೆಯಲ್ಲಿ ಅಕ್ಕತಂಗಿಯರು ಎದುರುಬದುರು ಕೂತು, ಒಬ್ಬಳು ಎಳೆ ಕೊಡುತ್ತ ಇನ್ನೊಬ್ಬಳು ಎಳೆಯುತ್ತ ಸಾವಿರಾರು ಕೊಂಡಿ ಹಾಕುತ್ತಿದ್ದರು. ಕೂತಷ್ಟು ಹೊತ್ತೂ ಜಗಳ. ನೀನು ಮೆಲ್ಲಗೆ ಎಳೆದೆ, ನೀನು ಎಣಿಕೆ ತಪ್ಪಿದೆ, ನಿನ್ನೆ ನನ್ನ ಪಾಲಿನ ಉಂಡೆ ತಿಂದೆ. ಅಪ್ಪ ಬೈಯಲು ಬಂದರೆ ಅವ್ವ ತಡೆಯುತ್ತಿದ್ದಳು. ಆಡಲಿ ಬಿಡು, ಹಟಕ್ಕೆ ಬಿದ್ದು ಎಳೆಯುತ್ತಾರೆ, ಕೊಂಡಿ ಬಿಗಿಯಾಗುತ್ತವೆ ಎನ್ನುತ್ತಿದ್ದಳು.

ಹೊತ್ತು ಇಳಿಯುವಾಗ ತವರಿನ ಓಣಿಗೆ ಬಂದಳು. ಅಲ್ಲಿಯೂ ಮೋಡ ಹಾಗೇ ನಿಂತಿತ್ತು. ಮಹಾಂತವ್ವ ಮಗ್ಗದ ಕುಣಿಯಲ್ಲಿ ಕೂತಿದ್ದಳು. ತಂಗಿ ಒಳಗೆ ಬಂದದ್ದು ಗೊತ್ತಾದರೂ ಲಾಳಿ ಓಡಿಸುವುದನ್ನು ನಿಲ್ಲಿಸಲಿಲ್ಲ. ದಾಕ್ಷಾಯಣಿ ಎದುರಿಗೆ ಹೋಗಿ ನಿಂತು ಸೆರಗು ಸರಿಸಿ ಬರಿಗಿವಿ ತೋರಿಸಿದಳು.

ಲಾಳಿ ನಿಂತಿತು. ಮಹಾಂತವ್ವ ತಂಗಿಯನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಜಗಳಕ್ಕೇ ಬಂದಿದ್ದಾಳೆಂದು ತಿಳಿದು, ತಾನೇನು ಕಡಿಮೆ ಎನ್ನುವಂತೆ ತನ್ನ ಮಣಿಯನ್ನೂ ಕಿತ್ತು ನೂಲಿನ ಬುಟ್ಟಿಗೆ ಎಸೆದಳು. ಬಾಯಿ ತೆರೆಯುವ ಮೊದಲೇ ದಾಕ್ಷಾಯಣಿ ಮೊಬೈಲನ್ನು ಮಗ್ಗದ ಹಲಗೆಯ ಮೇಲಿಟ್ಟು ಹಚ್ಚಿದಳು.

ಮಹಾಂತವ್ವ ತನ್ನ ದನಿ ತಾನು ಕೇಳಿದಳು. ಒಂದು, ಎರಡು, ಮೂರು. ಪ್ರತಿ ಕರೆಯ ಹಿಂದೆ ತನಗೆ ಮುಟ್ಟಿದ್ದು ಏನೆಂಬುದನ್ನು ದಾಕ್ಷಾಯಣಿ ಬಾಯಲ್ಲಿ ಹೇಳುತ್ತ ಹೋದಳು. ಸಿಟ್ಟಿನಲ್ಲಿ ಆಡಿದ ಸಾವಿನ ಮಾತು ಬೈಗುಳವೆಂದು ತೆಗೆಯಲು ಕೇಂದ್ರದಲ್ಲಿ ಬರೆದಿಟ್ಟ ನಿಯಮವಿದೆ ಎಂದೂ ಹೇಳಿದಳು. ಐದನೆಯದಕ್ಕೆ ಮಹಾಂತವ್ವ ಕುಣಿಯಿಂದ ಮೇಲೆ ಬಂದು ನೆಲಕ್ಕೆ ಕೂತಳು. ಹನ್ನೊಂದೂ ಮುಗಿದ ಮೇಲೆ, ಅವ್ವನನ್ನು ಮಣ್ಣು ಮಾಡಿದ ದಿನ ದಾಕ್ಷಾಯಣಿ ಹೊಸ್ತಿಲಲ್ಲಿ ಚೀರಿದ್ದು ಬಂತು. ಯಾಕ ಹೇಳಲಿಲ್ಲ ಅಕ್ಕ, ನನ್ನ ಅವ್ವನ್ನ ಯಾಕ ಮುಚ್ಚಿಟ್ಟಿ, ನಿನ್ನ ಹೊಟ್ಟಿ ತಣ್ಣಗಾತೇನ ಎಂಬ ಆ ಕೂಗು ಗೋಡೆಗೋಡೆಗೆ ಬಡಿಯಿತು.

ಮಹಾಂತವ್ವ ತಂಗಿಯ ಕಡೆ ತಿರುಗಿದಳು.

‘ಅವತ್ತು ನನ್ನ ಕಿವಿಗೆ ಏನ್ ಬಂತು ಗೊತ್ತೈತೇನ? ಹೋಗ್ಲಿ ಬಿಡಕ್ಕ, ವಯಸ್ಸಾಗಿತ್ತು ಅಂತ ಬಂತು. ಹಡದ ತಾಯಿ ಹೋದ್ರ ಇಕಿಗೆ ಸಿಟ್ಟೂ ಬರವಲ್ದು, ಇದು ಕಲ್ಲು ಅಂತ ಬಾಗಲಾ ಹಾಕ್ಕೊಂಡ್ನಿ. ಇಷ್ಟು ದಿನಾ ಎಲ್ಲಿ ಹಾಳಾಗಿ ಹೋಗಿದ್ದಿ ಮೂಳಿ?’

ಆ ಬೈಗುಳ ಒಂಬತ್ತು ವರ್ಷದ ಮೇಲೆ ಇಡಿಯಾಗಿ ಬಂದದ್ದು. ದಾಕ್ಷಾಯಣಿ ಅದನ್ನು ತಲೆ ತಗ್ಗಿಸಿ ಕೇಳಿದಳು. ಮಹಾಂತವ್ವ ಅತ್ತಳು, ಅಳುತ್ತಲೇ ಬೈದಳು, ಬೈಯುತ್ತಲೇ ತಂಗಿಯ ಮೊಣಕಾಲ ಮೇಲೆ ಕೈಯಿಟ್ಟಳು. ಆಮೇಲೆ ಅವಳ ಸಿಟ್ಟು ಹೊರಗಿನವರ ಮೇಲೆ ಹೊರಳಿತು.

‘ಸಾಯಾಕಿ ಸುದ್ದಿನ ಸುಳ್ಳು ಅಂತ ತೆಗದ್ರಲ್ಲ’ ಎಂದಳು. ‘ಅದನ್ನ ಬರದ ಕೈ ಯಾವದೋ, ಆ ಕೈಯಾಗ ಹುಳಾ ಬೀಳ್ಲಿ.’

ದಾಕ್ಷಾಯಣಿ ಸುಮ್ಮನಿದ್ದರೆ ಆಗುತ್ತಿತ್ತು. ಮೊಣಕಾಲ ಮೇಲೆ ಅಕ್ಕನ ಕೈ ಇನ್ನೂ ಬೆಚ್ಚಗಿತ್ತು. ಆ ಕೈ ಅಲ್ಲಿಯೇ ಇರಲಿ ಎಂದು ಅವಳ ಜೀವ ಬೇಡುತ್ತಿತ್ತು. ಕೇಂದ್ರದವರು ಎಂದರೆ ಸಾಕು, ಅಕ್ಕ ಬೇರೇನೂ ಕೇಳುವವಳಲ್ಲ. ಆದರೆ ಮಾತನ್ನು ಹದ ಮಾಡಿ ಕೊಡುವ ಕೆಲಸವನ್ನು ಅವಳು ಬೆಳಗ್ಗೆಯೇ ಬಿಟ್ಟು ಬಂದಿದ್ದಳು.

ಬಲಗೈಯನ್ನು ಅಕ್ಕನ ಮುಂದೆ ಚಾಚಿದಳು. ‘ಆ ಕೈ ಇದ ಅಕ್ಕ’ ಎಂದಳು. ‘ನಾನ ಬರದೀನಿ.’

ಮೊಣಕಾಲ ಮೇಲಿನ ಕೈ ಸರಿಯಿತು. ಮಹಾಂತವ್ವ ಚಾಚಿದ ಅಂಗೈಯನ್ನೇ ನೋಡಿದಳು. ಗೋಡೆ ಹಿಡಿದು ಎದ್ದು ಒಳಗೆ ಹೋದಳು. ಒಳಗಿನ ಬಾಗಿಲು ಕಿರುಗುಟ್ಟಿದಾಗ ದಾಕ್ಷಾಯಣಿ ಕಣ್ಣು ಮುಚ್ಚಿದಳು. ಅದು ಈ ಸಲವೂ ಮುಚ್ಚಿಕೊಳ್ಳುತ್ತದೆ ಎಂದೇ ಕಾದಳು. ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಳ್ಳಬೇಕೆಂಬುದೂ ತೋಚಲಿಲ್ಲ.

ಒಳಗೆ ಟ್ರಂಕಿನ ಚಿಲಕ ಸದ್ದಾಯಿತು. ಹೆಜ್ಜೆಗಳು ಹಿಂದಿರುಗಿ ಬಂದವು.

ಅಂಗೈಯ ಮೇಲೆ ಭಾರವೊಂದು ಕೂತಿತು. ಮಾರಿದ್ದೇನೆಂದು ಹೇಳಿದ್ದ ಸೀರೆ, ಅವ್ವ ಕೊನೆಗೆ ಮಗ್ಗಕ್ಕೇರಿಸಿದ್ದು, ನಾಲ್ಕು ಮಡಿಕೆ. ಮಹಾಂತವ್ವ ಅದನ್ನು ಆ ಕೈಯ ಮೇಲಿಟ್ಟು, ಬೀಳದ ಹಾಗೆ ತಂಗಿಯ ಬೆರಳುಗಳನ್ನು ಅದರ ಸುತ್ತ ತಾನೇ ಮಡಚಿ, ಮತ್ತೆ ಮಗ್ಗದ ಕುಣಿಗೆ ಇಳಿದಳು. ದಾಕ್ಷಾಯಣಿಯ ಹೆಬ್ಬೆರಳು ತಾನಾಗಿ ಮೈಯೂ ಸೆರಗೂ ಕೂಡುವ ಅಂಚನ್ನು ಹುಡುಕಿಕೊಂಡು ಹೋಯಿತು. ಕೊಂಡಿಗಳು ಅಲ್ಲಲ್ಲಿ ಸಡಿಲವಾಗಿದ್ದವು, ಎದುರಿಗೆ ಕೂತು ಎಳೆಯುವ ತಂಗಿಯಿಲ್ಲದೆ ಅಕ್ಕ ಒಬ್ಬಳೇ ಹಾಕಿದಂತೆ.